ನಡೆಯಲು ಕಲಿತ ನಟ

ಬೆಳಗಿನ ಒಂಬತ್ತು ಗಂಟೆಗೆ ಆರಂಭವಾದ ನಡಿಗೆ ಮಧ್ಯಾಹ್ನ ಮೂರು ಗಂಟೆಯಾಗುತ್ತ ಬಂದರೂ ಮುಗಿಯಲಿಲ್ಲ.

ನಡೆಯುತ್ತಿದ್ದವನು ಆಗತಾನೆ ಇಪ್ಪತ್ತನ್ನು ದಾಟಿದ ತರುಣ. ತೆಳ್ಳನೆಯ ಆಳು, ಮುಖದಲ್ಲಿ ಮೊದಲು ಕಾಣುವುದು ಎರಡು ದೊಡ್ಡ ಕಣ್ಣುಗಳು. ತಲೆಗೆ ಜುಟ್ಟಿನ ಟೋಪನ್ ಕಟ್ಟಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಹಳೆಯ ಕಾಲದ ಬೀದಿಯೊಂದರ ದೃಶ್ಯದಲ್ಲಿ ಅವನನ್ನು ನಿಲ್ಲಿಸಿದ್ದರು. ಅವನಿಗೆ ಆಡಲು ಒಂದು ಮಾತೂ ಇರಲಿಲ್ಲ. ಪಾತ್ರಕ್ಕೊಂದು ಹೆಸರೂ ಇರಲಿಲ್ಲ. ಒಡೆಯನಿಲ್ಲದ ಸಮುರಾಯಿಯೊಬ್ಬ ಬೀದಿಯಲ್ಲಿ ಹಾದುಹೋಗುತ್ತಾನೆ, ಅಷ್ಟೆ. ಆದರೆ ಅವನು ಹಾದುಹೋದಾಗಲೆಲ್ಲ ನಿರ್ದೇಶಕರು ಒಪ್ಪದೆ ಮತ್ತೆ ಮೊದಲಿನಿಂದ ನಡೆಯಹೇಳುತ್ತಿದ್ದರು. ಉಳಿದವರೆಲ್ಲ ಕೆಲಸ ನಿಲ್ಲಿಸಿ ಕಾಯುತ್ತಿದ್ದರು. ಸಮುರಾಯಿಯ ನಡಿಗೆ ಎಂದರೆ ಸಾಮಾನ್ಯವೆ? ಕತ್ತಿಯ ಭಾರ ಎಡಸೊಂಟದ ಮೇಲೆ. ನಡು ತಗ್ಗಬೇಕು, ಭುಜ ಕುಲುಕಬಾರದು, ಹೆಜ್ಜೆ ನೆಲವನ್ನು ಕಚ್ಚಬೇಕು. ಅದನ್ನು ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲ.

ಆ ನಿರ್ದೇಶಕರು ಅಕಿರ ಕುರೊಸಾವ. ಚಿತ್ರ, 1954ರಲ್ಲಿ ತೆರೆಕಂಡು ಜಗತ್ಪ್ರಸಿದ್ಧವಾದ ‘ಏಳು ಸಮುರಾಯಿಗಳು’. ಅಷ್ಟು ಹೊತ್ತು ನಡೆದ ತರುಣ ತೆರೆಯ ಮೇಲೆ ಕಾಣಿಸುವುದು ಕೆಲವೇ ಕ್ಷಣಗಳ ಕಾಲ. ಅಂದು ಅವಮಾನದಿಂದ ಕುದಿದುಹೋದ ಆತ, ಈ ಮನುಷ್ಯ ಮುಂದೆಂದಾದರೂ ಕರೆದರೆ ತಾನು ಒಲ್ಲೆನೆನ್ನುವಷ್ಟು ದೊಡ್ಡ ನಟನಾಗಬೇಕು ಎಂದು ಮನಸ್ಸಿನಲ್ಲೇ ಶಪಥ ಮಾಡಿದನಂತೆ.

ಮೂವತ್ತು ವರ್ಷಗಳು ಕಳೆದವು. ಅದೇ ನಿರ್ದೇಶಕರು, ಅದೇ ನಟ. ಫ್ಯೂಜಿ ಪರ್ವತದ ಇಳಿಜಾರಿನಲ್ಲಿ ಕಟ್ಟಿದ ನಿಜವಾದ ಕೋಟೆಯೊಂದು ಧಗಧಗಿಸಿ ಉರಿಯುತ್ತಿದೆ. ಮತಿಗೆಟ್ಟ ಮುದುಕ ರಾಜನೊಬ್ಬ ಬೆಂಕಿಯ ಬಾಯಿಂದ ಹೊರಬಂದು ಮೆಟ್ಟಿಲುಗಳನ್ನು ಇಳಿಯಬೇಕು. ಹುಚ್ಚು ಹಿಡಿದವನು ಕಾಲ ಕೆಳಗಿನ ಮೆಟ್ಟಿಲನ್ನು ನೋಡಿಕೊಂಡು ನಡೆಯುವಂತಿಲ್ಲ. ಎಡವಿದರೆ ಸುಡಲು ಎರಡನೆಯ ಕೋಟೆ ಇಲ್ಲ. ಆ ನಟ ಎಡವಲಿಲ್ಲ. ಒಂದೇ ಸಲಕ್ಕೆ ದೃಶ್ಯ ಮುಗಿಯಿತು.

ಈ ಎರಡು ನಡಿಗೆಗಳ ನಡುವೆಯೂ, ಅದರಾಚೆಗೂ, ತತ್ಸುಯ ನಕದಾಯ್ ಅವರ ಎಪ್ಪತ್ತು ವರ್ಷಗಳ ಕಲಾಜೀವನ ಹರಡಿಕೊಂಡಿದೆ. 2025ರ ನವೆಂಬರ್ 8ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಜಪಾನಿನ ಚಿತ್ರರಂಗದ ಸುವರ್ಣಯುಗದ ಕೊನೆಯ ದೊಡ್ಡ ನಟ ಹೋದರೆಂದು ಲೋಕವೆಲ್ಲ ಮರುಗಿತು. ಆದರೆ ಅವರು ತಮ್ಮನ್ನು ಚಿತ್ರನಟನೆಂದು ಎಣಿಸಿಕೊಂಡವರಲ್ಲ. ತಾನು ರಂಗಭೂಮಿಯವನು, ಚಿತ್ರಗಳಿಗೆ ಹೋಗಿ ಬರುವವನು ಎಂಬುದೇ ಅವರ ನಿಲುವಾಗಿತ್ತು. ಆ ನಿಲುವನ್ನು ಅವರು ಹೇಗೆ ಉಳಿಸಿಕೊಂಡರೆಂಬುದೇ ಅವರ ಬಾಳಿನ ಕಥೆ.

ಕೈಯಲ್ಲಿ ಉಳಿದ ಕೈ

ನಕದಾಯ್ ಹುಟ್ಟಿದುದು 1932ರ ಡಿಸೆಂಬರ್ 13ರಂದು, ಟೋಕಿಯೋ ನಗರದಲ್ಲಿ. ತಂದೆತಾಯಿಗಳಿಟ್ಟ ಹೆಸರು ಮೊತೊಹಿಸ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮಕ್ಕಳನ್ನು ಸಾಕುವ ಭಾರವೆಲ್ಲ ತಾಯಿಯ ಮೇಲೆ ಬಿತ್ತು. ಮನೆಯಲ್ಲಿ ಬಡತನ, ಹೊರಗೆ ಯುದ್ಧ.

1945ರಲ್ಲಿ ಅಮೆರಿಕದ ವಿಮಾನಗಳು ಟೋಕಿಯೋ ನಗರದ ಮೇಲೆ ಬೆಂಕಿಯ ಮಳೆಗರೆದವು. ಮರದ ಮನೆಗಳ ಆ ಊರು ಕೇರಿಕೇರಿಯಾಗಿ ಬೂದಿಯಾಯಿತು. ಅಂಥ ಒಂದು ದಾಳಿಯಲ್ಲಿ ಹನ್ನೆರಡು ವರ್ಷದ ಬಾಲಕ ಓಡುತ್ತಿದ್ದ. ದಾರಿಯಲ್ಲಿ ಗುರುತು ಪರಿಚಯವಿಲ್ಲದ ಪುಟ್ಟ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಳು. ಅವಳ ಕೈ ಹಿಡಿದು ಎಳೆದುಕೊಂಡು ಓಡಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೈಗೆ ಭಾರವೇ ಇಲ್ಲದಂತೆನಿಸಿತು. ತಿರುಗಿ ನೋಡಿದರೆ ಅವನು ಹಿಡಿದಿದ್ದುದು ಬರಿಯ ಕೈ, ಹುಡುಗಿ ಇರಲಿಲ್ಲ. ಹೆದರಿ ಅದನ್ನು ಅಲ್ಲೇ ಬಿಟ್ಟು ಓಡಿದ.

ಮುಪ್ಪಿನಲ್ಲಿ ನಕದಾಯ್ ಈ ಸಂಗತಿಯನ್ನು ಅನೇಕ ಬಾರಿ ಹೇಳಿಕೊಂಡಿದ್ದಾರೆ. ಆ ಕೈಯನ್ನು ಎಸೆದು ಬಂದೆನಲ್ಲ, ಎಲ್ಲಾದರೂ ಮಣ್ಣು ಮಾಡಬೇಕಾಗಿತ್ತಲ್ಲ ಎಂಬ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಪಾತ್ರಗಳನ್ನು ನೋಡುವವರು ಈ ಬಾಲಕನನ್ನು ಮರೆಯಬಾರದು. ಯುದ್ಧದ ಮಾತು ಬಂದಾಗಲೆಲ್ಲ ಆ ದೊಡ್ಡ ಕಣ್ಣುಗಳಲ್ಲಿ ಕಾಣುವ ಭೀತಿಯನ್ನು ಯಾವ ನಾಟಕಶಾಲೆಯೂ ಕಲಿಸಿದುದಲ್ಲ.

ಸೆಂದಾ ಅವರ ಗರಡಿ

ಯುದ್ಧ ಮುಗಿದ ಮೇಲೆ ಹಗಲು ಕೂಲಿ, ರಾತ್ರಿ ಶಾಲೆ. ಕುದುರೆಪಂದ್ಯದ ಮೈದಾನದಲ್ಲಿ ಕಾವಲು ಕಾಯುವುದು ಮೊದಲಾಗಿ ಕೈಗೆ ಸಿಕ್ಕ ಕೆಲಸಗಳನ್ನೆಲ್ಲ ಮಾಡಿದ ತರುಣ 1952ರಲ್ಲಿ ‘ಹೈಯುಜಾ’ ಎಂಬ ನಾಟಕ ಮಂಡಳಿಯ ತರಬೇತಿ ಶಾಲೆಗೆ ಸೇರಿದ. 1944ರಲ್ಲಿ ಸ್ಥಾಪಿತವಾದ ಹೈಯುಜಾ ‘ಶಿಂಗೆಕಿ’ ಎಂಬ ಪಂಥಕ್ಕೆ ಸೇರಿದ್ದು. ಶಿಂಗೆಕಿ ಎಂದರೆ ಹೊಸ ನಾಟಕ. ಪರಂಪರಾಗತವಾದ ಕಬುಕಿ ಮತ್ತು ನೋ ನಾಟಕಗಳ ಹಾದಿಯನ್ನು ಬಿಟ್ಟು, ಇಬ್ಸೆನ್, ಚೆಕಾವ್, ಷೇಕ್ಸ್‌ಪಿಯರ್ ಮುಂತಾದವರ ಕೃತಿಗಳನ್ನು ಆಡಿ ಬೆಳೆದ ರಂಗಭೂಮಿ ಅದು. ಅಲ್ಲಿ ಕಲಿತವನಿಗೆ ಹ್ಯಾಮ್ಲೆಟನ ಸ್ವಗತ ಬಂದೀತು. ಸಮುರಾಯಿಯ ನಡಿಗೆ ಎಲ್ಲಿಂದ ಬರಬೇಕು?

ಈ ಗರಡಿಯ ಉಸ್ತಾದರು ಕೊರೆಯ ಸೆಂದಾ. ಅವರ ಹೆಸರಿನಲ್ಲೇ ಒಂದು ಇತಿಹಾಸವಿದೆ. 1923ರ ಮಹಾಭೂಕಂಪದ ಬಳಿಕ ಕೊರಿಯಾದವರು ದಂಗೆಯೆದ್ದಿದ್ದಾರೆಂಬ ಸುಳ್ಳು ಸುದ್ದಿ ಹಬ್ಬಿ, ಟೋಕಿಯೋ ನಗರದ ಬೀದಿಗಳಲ್ಲಿ ಅವರ ಕಗ್ಗೊಲೆ ನಡೆಯಿತು. ಆಗ ಸೆಂದಗಾಯ ಎಂಬ ಬಡಾವಣೆಯಲ್ಲಿ ಈ ಜಪಾನೀ ತರುಣನನ್ನೇ ಕೊರಿಯಾದವನೆಂದು ಭ್ರಮಿಸಿ ಗುಂಪು ಮುತ್ತಿತ್ತು. ಜೀವ ಉಳಿಸಿಕೊಂಡ ಅವರು ಆ ಬಡಾವಣೆಯ ಹೆಸರನ್ನೂ ಕೊರಿಯಾ ಎಂಬುದನ್ನೂ ಕೂಡಿಸಿ, ಕೊರೆಯ ಸೆಂದಾ ಎಂದು ತಮ್ಮನ್ನು ಕರೆದುಕೊಂಡರು. ಆಮೇಲೆ ಬರ್ಲಿನ್ ನಗರಕ್ಕೆ ಹೋಗಿ ಜರ್ಮನ್ ರಂಗಭೂಮಿಯನ್ನು ಅಭ್ಯಾಸ ಮಾಡಿದರು. ಬ್ರೆಕ್ಟನ ನಾಟಕಗಳನ್ನು ಜಪಾನೀ ಭಾಷೆಗೆ ತಂದು ಆಡಿಸಿದವರಲ್ಲಿ ಅವರು ಅಗ್ರಗಣ್ಯರು.

ಇಂಥ ಗುರುವಿನ ಕೈಕೆಳಗೆ ಪಳಗಿದ ನಕದಾಯ್ 1955ರಲ್ಲಿ ಮಂಡಳಿಯ ಸದಸ್ಯರಾದರು. ಇಬ್ಸೆನನ ‘ಪ್ರೇತಗಳು’ ನಾಟಕದಲ್ಲಿ, ತಂದೆಯ ಪಾಪವನ್ನು ಮೈಯಲ್ಲಿ ಹೊತ್ತ ಮಗ ಓಸ್ವಾಲ್ಡನ ಪಾತ್ರ ಅವರ ಹೆಸರನ್ನು ಎತ್ತಿಹಿಡಿಯಿತು. ಚಿತ್ರಗಳಿಂದ ಕರೆ ಬರಲಾರಂಭಿಸಿತು.

ಯಾರ ಆಳೂ ಅಲ್ಲ

ಇಲ್ಲಿ ನಕದಾಯ್ ಒಂದು ನಿರ್ಧಾರ ಮಾಡಿದರು. ಆಗಿನ ಜಪಾನಿನಲ್ಲಿ ಚಿತ್ರನಟನೆಂದರೆ ಒಂದು ಕಂಪೆನಿಯ ಸೊತ್ತು. 1953ರಲ್ಲಿ ಐದು ದೊಡ್ಡ ಕಂಪೆನಿಗಳು ಸೇರಿ, ಒಬ್ಬರ ನಟರನ್ನು ಇನ್ನೊಬ್ಬರು ಬಳಸಿಕೊಳ್ಳಕೂಡದೆಂದು ಕರಾರು ಮಾಡಿಕೊಂಡಿದ್ದುವು. ಕಂಪೆನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದ ನಟನಿಗೆ ತಿಂಗಳ ಸಂಬಳ, ಪ್ರಚಾರ, ತಾರಾಪದವಿ ಎಲ್ಲ ಉಂಟು. ಯಾವ ಚಿತ್ರದಲ್ಲಿ ನಟಿಸಬೇಕೆಂಬ ಸ್ವಾತಂತ್ರ್ಯ ಮಾತ್ರ ಇಲ್ಲ. ನಾಟಕಕ್ಕಂತೂ ಬಿಡುವೇ ಇಲ್ಲ.

ಬಡತನದಲ್ಲಿ ಬೆಳೆದ ಹುಡುಗ ಆ ಸಂಬಳಕ್ಕೆ ಆಸೆಪಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಕದಾಯ್ ಸಹಿ ಹಾಕಲಿಲ್ಲ. ವರ್ಷದಲ್ಲಿ ಅರ್ಧ ನಾಟಕಕ್ಕೆ, ಅರ್ಧ ಚಿತ್ರಕ್ಕೆ ಎಂದು ತಮ್ಮ ದಿನಗಳನ್ನು ಹಂಚಿಕೊಂಡರು.

ನಷ್ಟವೆಂದು ತೋರಿದ್ದೇ ಲಾಭವಾಯಿತು. ಯಾರಿಗೂ ಸೇರದವನಾದ್ದರಿಂದ ಅವರು ಎಲ್ಲರ ಬಳಿಗೂ ಹೋಗಬಹುದಾಗಿತ್ತು. ಶೋಚಿಕು ಕಂಪೆನಿಯಲ್ಲಿ ಮಸಾಕಿ ಕೊಬಯಾಶಿ, ತೋಹೋ ಕಂಪೆನಿಯಲ್ಲಿ ಕುರೊಸಾವ ಮತ್ತು ಮಿಕಿಯೊ ನಾರುಸೆ, ದೈಯೆ ಕಂಪೆನಿಯಲ್ಲಿ ಕೊನ್ ಇಚಿಕಾವ, ಹೀಗೆ ಆ ಕಾಲದ ಶ್ರೇಷ್ಠ ನಿರ್ದೇಶಕರೆಲ್ಲರ ಕೈಕೆಳಗೂ ನಟಿಸಿದವರು ಅವರಷ್ಟು ಮಂದಿ ಇಲ್ಲ. ಇಚಿಕಾವರ ‘ಅಗ್ನಿದಾಹ’ದಲ್ಲಿ (1958) ಕಾಲು ಸೊಟ್ಟಗಿರುವ, ನಾಲಗೆ ಚೂಪಾದ ವಿದ್ಯಾರ್ಥಿ, ನಾರುಸೆಯವರ ‘ಹೆಣ್ಣು ಮೆಟ್ಟಿಲೇರುವಾಗ’ ಚಿತ್ರದಲ್ಲಿ (1960) ಪಾನಗೃಹವನ್ನು ನಡೆಸುವ ವಿಧವೆಯನ್ನು ಮೌನವಾಗಿ ಪ್ರೀತಿಸುವ ವ್ಯವಸ್ಥಾಪಕ. ಇವರಿಬ್ಬರೂ ಒಬ್ಬನೇ ನಟನೆಂದು ನಂಬುವುದು ಕಷ್ಟ.

ಹಿಮದಲ್ಲಿ ಹೂತವನು

ಅವರಿಗೆ ಲೋಕಖ್ಯಾತಿ ತಂದುದು ಕೊಬಯಾಶಿಯವರ ‘ಮಾನವನ ಪಾಡು’. 1959ರಿಂದ 1961ರವರೆಗೆ ಮೂರು ಚಿತ್ರಗಳಾಗಿ ಹೊರಬಂದ ಈ ಮಹಾಕೃತಿಯನ್ನು ಪೂರ್ತಿ ನೋಡಲು ಒಂಬತ್ತು ಗಂಟೆಗೂ ಹೆಚ್ಚು ಕಾಲ ಬೇಕು. ಜುಂಪೆ ಗೊಮಿಕಾವ ಅವರ ಕಾದಂಬರಿ ಇದಕ್ಕೆ ಆಧಾರ.

ಕಥಾನಾಯಕ ಕಾಜಿ ಯುದ್ಧವನ್ನು ಒಲ್ಲದವನು. ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯದ ಗಣಿಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ದುಡಿಯುವ ಚೀನೀ ಸೆರೆಯಾಳುಗಳನ್ನು ಮನುಷ್ಯರಂತೆ ಕಾಣಬೇಕೆಂದು ಹೋರಾಡುತ್ತಾನೆ. ಅದಕ್ಕೆ ಪ್ರತಿಫಲವಾಗಿ ಅವನನ್ನು ಸೈನ್ಯಕ್ಕೆ ತಳ್ಳುತ್ತಾರೆ. ಯುದ್ಧ ಸೋತಾಗ ರಷ್ಯನ್ನರ ಸೆರೆ. ಕೊನೆಗೆ ತಪ್ಪಿಸಿಕೊಂಡು, ಹೆಂಡತಿಯ ಬಳಿಗೆ ಸೇರಬೇಕೆಂಬ ಒಂದೇ ಹಂಬಲದಿಂದ ಹಿಮದ ಬಯಲಿನಲ್ಲಿ ನಡೆಯುತ್ತಾನೆ, ನಡೆಯುತ್ತಾನೆ, ಬೀಳುತ್ತಾನೆ. ಅವನ ಮೇಲೆ ಹಿಮ ಬೀಳುತ್ತಲೇ ಇರುತ್ತದೆ. ಅವನು ಒಂದು ಪುಟ್ಟ ದಿಬ್ಬವಾಗುತ್ತಾನೆ.

ನಿರ್ದೇಶಕ ಕೊಬಯಾಶಿ ತಾವೇ ಮಂಚೂರಿಯದಲ್ಲಿ ಸಿಪಾಯಿಯಾಗಿದ್ದವರು. ಬಡ್ತಿ ಕೊಡಲು ಬಂದಾಗ ಒಲ್ಲೆನೆಂದು ಸಾಮಾನ್ಯ ಸಿಪಾಯಿಯಾಗಿಯೇ ಉಳಿದವರು. ಯುದ್ಧದ ಕೊನೆಯಲ್ಲಿ ಸೆರೆಯನ್ನೂ ಕಂಡವರು. ಅವರ ಬಾಳಿನ ಕಥೆಯನ್ನೇ ಕಾಜಿಯ ಪಾತ್ರದಲ್ಲಿ ನಕದಾಯ್ ಹೊತ್ತರು. ಕೊನೆಯ ದೃಶ್ಯಕ್ಕಾಗಿ ಹೊಕ್ಕೈದೊ ದ್ವೀಪದ ನಿಜವಾದ ಹಿಮದಲ್ಲಿ, ಮೈ ಮುಚ್ಚುವವರೆಗೂ ಅಲುಗಾಡದೆ ಮಲಗಿದ್ದರು.

ಮರೆಯದ ನಿರ್ದೇಶಕ

ಇತ್ತ ಕುರೊಸಾವ ಕರೆ ಕಳುಹಿಸಿದರು. ‘ಯೊಜಿಂಬೊ’, ಎಂದರೆ ಅಂಗರಕ್ಷಕ, ಎಂಬ ಚಿತ್ರದಲ್ಲಿ ಖಳನ ಪಾತ್ರ. ಹಳೆಯ ಶಪಥ ನೆನಪಿದ್ದ ನಕದಾಯ್ ಒಲ್ಲೆನೆಂದರು. ನಿರ್ದೇಶಕರು ಬಿಡಲಿಲ್ಲ. ಕೊನೆಗೆ ಎದುರುಬದುರಾಗಿ ಕುಳಿತಾಗ, ಹಿಂದೆ ‘ಏಳು ಸಮುರಾಯಿಗಳು’ ಚಿತ್ರದಲ್ಲಿ ತಮ್ಮನ್ನು ಪಡಿಸಿದ ಪಾಡನ್ನು ನಕದಾಯ್ ನೆನಪಿಸಿದರು. ಅದು ನೆನಪಿರುವುದರಿಂದಲೇ ನಿಮ್ಮನ್ನು ಕರೆಯುತ್ತಿದ್ದೇನೆ ಎಂಬರ್ಥದ ಉತ್ತರ ಬಂತು. ಶಪಥ ಕರಗಿತು.

1961ರ ಆ ಚಿತ್ರದಲ್ಲಿ, ಎಲ್ಲರೂ ಕತ್ತಿ ಹಿಡಿದ ಊರಿಗೆ ಕೊರಳಿಗೆ ವಿಲಾಯತಿ ಮಫ್ಲರ್ ಸುತ್ತಿ, ಎದೆಯಲ್ಲಿ ಪಿಸ್ತೂಲು ಬಚ್ಚಿಟ್ಟು, ನಸುನಗುತ್ತ ಬರುವ ತರುಣ ಉನೊಸುಕೆಯೇ ನಕದಾಯ್. ಎದುರಿಗೆ ಜಪಾನಿನ ಅತ್ಯಂತ ಜನಪ್ರಿಯ ನಟ ತೊಶಿರೊ ಮಿಫುನೆ. ಮಿಫುನೆ ಬೆಂಕಿಯಾದರೆ ನಕದಾಯ್ ಮಂಜುಗಡ್ಡೆ. ಮರುವರ್ಷ ‘ಸಂಜುರೊ’ ಚಿತ್ರದ ಕೊನೆಯಲ್ಲಿ ಇಬ್ಬರೂ ಮತ್ತೆ ಎದುರಾದರು. ಅಷ್ಟು ಹೊತ್ತು ಇಬ್ಬರೂ ಅಲುಗದೆ ನಿಲ್ಲುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತಿ ಮಿಂಚಿ, ನಕದಾಯ್ ಎದೆಯಿಂದ ರಕ್ತದ ಬುಗ್ಗೆ ಚಿಮ್ಮುತ್ತದೆ. ಉಡುಪಿನೊಳಗಿನ ಕೊಳವೆಯಿಂದ ಹಾರಿದ ಆ ಬಣ್ಣದ ನೀರು ಜಗತ್ತಿನ ಸಮರಚಿತ್ರಗಳಲ್ಲೆಲ್ಲ ಒಂದು ಪದ್ಧತಿಯನ್ನೇ ಹುಟ್ಟುಹಾಕಿತು. 1963ರ ‘ಸ್ವರ್ಗ ಮತ್ತು ನರಕ’ದಲ್ಲಿ ಅವರೇ ಕೋಟು ತೊಟ್ಟು, ಮಗುವನ್ನು ಕದ್ದವನನ್ನು ಹುಡುಕುವ ಶಾಂತಸ್ವಭಾವದ ಪೋಲೀಸ್ ಅಧಿಕಾರಿಯಾದರು.

ಧ್ವನಿಗಾಗಿ ನಿಂತ ಕೆಲಸ

ನಕದಾಯ್ ಅವರ ಪಾತ್ರಗಳಲ್ಲಿ ಅತ್ಯುತ್ತಮವಾದುದು ಯಾವುದು ಎಂದು ಕೇಳಿದರೆ ಅನೇಕರು 1962ರ ‘ಹರಕಿರಿ’ಯನ್ನು ಹೆಸರಿಸುತ್ತಾರೆ. ಇದೂ ಕೊಬಯಾಶಿಯವರದೇ; 1963ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಬಹುಮಾನ ಪಡೆಯಿತು.

ಹದಿನೇಳನೆಯ ಶತಮಾನದ ಕಥೆ. ಒಡೆಯನ ಮನೆತನ ಮುರಿದು ಬಿದ್ದು ದಿಕ್ಕಿಲ್ಲದ ನಡುವಯಸ್ಸಿನ ಸಮುರಾಯಿಯೊಬ್ಬ ದೊಡ್ಡ ಮನೆತನದ ಅಂಗಳಕ್ಕೆ ಬಂದು, ಹೊಟ್ಟೆ ಸೀಳಿಕೊಂಡು ಸಾಯಲು ಅಪ್ಪಣೆ ಬೇಡುತ್ತಾನೆ. ಸಾಯುವ ಮುನ್ನ ತನ್ನ ಕಥೆ ಹೇಳುತ್ತಾನೆ. ಹಸಿದ ಹೆಂಡತಿ ಮಗುವಿಗಾಗಿ ಅದೇ ಅಂಗಳಕ್ಕೆ ಬಂದಿದ್ದ ಅವನ ಅಳಿಯನನ್ನು, ಮಾನದ ಹೆಸರಿನಲ್ಲಿ ಬಿದಿರಿನ ಕತ್ತಿಯಿಂದ ಸಾಯುವಂತೆ ಬಲವಂತ ಮಾಡಿದ್ದರು. ಕತ್ತಿ ಮಾರಿ ಅಕ್ಕಿ ತಂದವನ ಒರೆಯಲ್ಲಿ ಬಿದಿರಲ್ಲದೆ ಇನ್ನೇನಿದ್ದೀತು? ಮೊಮ್ಮಗುವನ್ನು ಆಡಿಸುವ ಆ ತಾತನ ಪಾತ್ರ ವಹಿಸಿದಾಗ ನಕದಾಯ್ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಮುಖದ ಸುಕ್ಕಿಗಿಂತ ಕಂಠದ ಆಳದಿಂದಲೇ ಅವರು ಆ ವಯಸ್ಸನ್ನು ತಂದರು.

ಕಂಠದ ವಿಷಯದಲ್ಲೇ ಒಂದು ಜಗಳವೂ ಆಯಿತು. ಎದುರು ಪಾತ್ರ ವಹಿಸಿದ್ದ ರೆಂತರೊ ಮಿಕುನಿ ಹಳೆಯ ಚಿತ್ರನಟ. ಹತ್ತಿರದಲ್ಲೇ ಮೈಕು ಇರುವಾಗ ಈ ನಾಟಕದ ದನಿ ಏಕೆ ಎಂಬುದು ಅವರ ಆಕ್ಷೇಪ. ಅಂಗಳದ ಆ ತುದಿಯಲ್ಲಿರುವವನಿಗೆ ಕೇಳುವಂತೆ ಈ ತುದಿಯಲ್ಲಿರುವವನು ಮಾತನಾಡಬೇಡವೆ ಎಂಬುದು ನಕದಾಯ್ ವಾದ. ಇಬ್ಬರೂ ಪಟ್ಟು ಬಿಡಲಿಲ್ಲ. ಕೊಬಯಾಶಿ ಯಾರ ಪಕ್ಷವನ್ನೂ ವಹಿಸದೆ, ನೀವಿಬ್ಬರೂ ಒಂದು ತೀರ್ಮಾನಕ್ಕೆ ಬರುವವರೆಗೆ ಕ್ಯಾಮರಾ ತಿರುಗುವುದಿಲ್ಲವೆಂದು ಕೆಲಸವನ್ನೇ ನಿಲ್ಲಿಸಿದರಂತೆ. ಒಂದು ಚಿತ್ರದ ದಿನಗೂಲಿಯ ಖರ್ಚನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಇಂದು ಆ ಚಿತ್ರ ನೋಡುವವರು ಕಣ್ಣು ಮುಚ್ಚಿಕೊಂಡು ಕೇಳಿದರೂ ಸಾಕು, ಅಂಗಳದ ಅಗಲ, ನೆರಳಿನ ತಂಪು, ಇಬ್ಬರ ನಡುವಿನ ದ್ವೇಷ ಎಲ್ಲವೂ ಆ ದನಿಗಳಲ್ಲೇ ತಿಳಿಯುತ್ತವೆ.

ಇದೇ ದನಿಯಲ್ಲಿ ಅವರು 1964ರಲ್ಲಿ, ಗುರು ಸೆಂದಾ ಅವರ ನಿರ್ದೇಶನದಲ್ಲಿ ಹ್ಯಾಮ್ಲೆಟನಾದರು. ಚಿತ್ರಗಳ ಕೀರ್ತಿ ಶಿಖರದಲ್ಲಿದ್ದಾಗಲೂ ವರ್ಷದ ಅರ್ಧ ರಂಗಕ್ಕೇ ಮೀಸಲಾಗಿತ್ತೆಂಬುದನ್ನು ಮರೆಯುವಂತಿಲ್ಲ.

ನೆರಳೂ ಬೆಂಕಿಯೂ

1979ರಲ್ಲಿ ಕುರೊಸಾವ ಅವರ ‘ಕಗೆಮುಶಾ’ ಚಿತ್ರದ ನಾಯಕನಟ ಶಿಂತಾರೊ ಕತ್ಸು, ತಮ್ಮದೇ ಕ್ಯಾಮರಾವನ್ನು ಚಿತ್ರೀಕರಣಕ್ಕೆ ತಂದು ನಿರ್ದೇಶಕರೊಡನೆ ಮನಸ್ತಾಪ ಮಾಡಿಕೊಂಡು ಹೊರನಡೆಯಬೇಕಾಯಿತು. ಆ ಪಾತ್ರ ನಕದಾಯ್ ಅವರನ್ನು ಹುಡುಕಿಕೊಂಡು ಬಂತು. ಸತ್ತ ರಾಜ ಶಿಂಗೆನ್ ಇನ್ನೂ ಬದುಕಿದ್ದಾನೆಂದು ಶತ್ರುಗಳನ್ನು ನಂಬಿಸಲು, ಅವನನ್ನೇ ಹೋಲುವ ಕಳ್ಳನೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸುವ ಕಥೆ. ರಾಜನೂ ಅವರೇ, ಕಳ್ಳನೂ ಅವರೇ. ಮೊದಮೊದಲು ನಟಿಸುವ ಕಳ್ಳ ಬರಬರುತ್ತ ಪಾತ್ರವೇ ಆಗಿಬಿಡುತ್ತಾನೆ. ಗುಟ್ಟು ಬಯಲಾಗಿ ಹೊರದೂಡಿದ ಮೇಲೂ ಆ ಮನೆತನದ ಕೊನೆಯ ಯುದ್ಧದಲ್ಲಿ ಓಡಿಹೋಗಿ ಸಾಯುತ್ತಾನೆ. ಇನ್ನೊಬ್ಬನಿಗಾಗಿ ಬಂದ ಪಾತ್ರವನ್ನು ಹೊತ್ತು, ಇನ್ನೊಬ್ಬನ ಬದಲಿಗೆ ನಿಂತವನ ಕಥೆಯನ್ನು ನಕದಾಯ್ ಆಡಿದುದು ವಿಧಿಯ ಒಂದು ಚಮತ್ಕಾರ. 1980ರಲ್ಲಿ ಚಿತ್ರ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು.

ಐದು ವರ್ಷಗಳ ಬಳಿಕ ‘ರಾನ್’ ಬಂತು. ಷೇಕ್ಸ್‌ಪಿಯರನ ಲಿಯರ್ ದೊರೆ ಇಲ್ಲಿ ಮೂವರು ಗಂಡುಮಕ್ಕಳಿಗೆ ರಾಜ್ಯ ಹಂಚಿ ಬೀದಿಗೆ ಬೀಳುವ ಹಿದೆತೊರ ಎಂಬ ವೃದ್ಧ. ಐವತ್ತೆರಡರ ಆಸುಪಾಸಿನ ನಕದಾಯ್ ಎಪ್ಪತ್ತು ದಾಟಿದ ಮುದುಕನಾಗಲು ದಿನವೂ ಗಂಟೆಗಟ್ಟಲೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು. ಲೇಖನದ ಮೊದಲಿಗೆ ಹೇಳಿದ ಉರಿಯುವ ಕೋಟೆ ಈ ಚಿತ್ರದ್ದೇ. ಒಮ್ಮೆ ನಡೆಯಲು ಬಾರದವನೆಂದು ಬೈಸಿಕೊಂಡವನ ಕಾಲಿನ ಮೇಲೆ ಭರವಸೆಯಿಟ್ಟು ಕುರೊಸಾವ ಅಷ್ಟು ದೊಡ್ಡ ಕೋಟೆಗೆ ಬೆಂಕಿಯಿಟ್ಟರು. ಗುರುದಕ್ಷಿಣೆ ಸಂದಿತು ಎನ್ನಬೇಕು.

ಹೆಸರಿಲ್ಲದ ಶಾಲೆ

1957ರಲ್ಲಿ ನಕದಾಯ್ ವಿವಾಹವಾದುದು ಸಹಕಲಾವಿದೆ ಯಸುಕೊ ಮಿಯಾಝಾಕಿ ಅವರನ್ನು. ಆಕೆ ಮುಂದೆ ತೊಮೊಎ ರ್ಯೂ ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದು ನಿರ್ದೇಶಿಸಿದರು. 1975ರಲ್ಲಿ ಗಂಡಹೆಂಡಿರು ತಮ್ಮ ಮನೆಯಲ್ಲೇ ಕಿರಿಯ ನಟರಿಗೊಂದು ಶಾಲೆ ತೆರೆದು ‘ಮುಮೆಯ್‌ಜುಕು’ ಎಂದು ಕರೆದರು. ಎಂದರೆ ಹೆಸರಿಲ್ಲದವರ ಪಾಠಶಾಲೆ. ಹೆಸರುವಾಸಿಯಾದವನೂ ಅಲ್ಲಿಗೆ ಬಂದಾಗ ಮತ್ತೆ ಹೆಸರಿಲ್ಲದವನಾಗಬೇಕು. ಶುಲ್ಕವಿಲ್ಲ; ಶಿಸ್ತು ಮಾತ್ರ ಕಟ್ಟುನಿಟ್ಟು. ಬೆಳಗಿನ ಓಟದಿಂದ ದಿನ ಆರಂಭ.

ನೂರಾರು ಅಭ್ಯರ್ಥಿಗಳಲ್ಲಿ ಆಯ್ಕೆಯಾಗಿ ಬಂದ ಒಬ್ಬ ಹುಡುಗ ಟೋಕಿಯೋ ನಗರದ ವಾರ್ಡ್ ಕಛೇರಿಯಲ್ಲಿ ಗುಮಾಸ್ತೆಯಾಗಿದ್ದವನು. ಜಪಾನೀ ಭಾಷೆಯಲ್ಲಿ ಸರಕಾರಿ ಕಛೇರಿಗೆ ‘ಯಾಕುಶೊ’ ಎನ್ನುತ್ತಾರೆ. ನಕದಾಯ್ ಅವನಿಗೆ ಅದನ್ನೇ ಹೆಸರಾಗಿಟ್ಟರು. ‘ಯಾಕು’ ಎಂದರೆ ಪಾತ್ರವೆಂದೂ ಅರ್ಥವಾಗುವುದರಿಂದ ಬಗೆಬಗೆಯ ಪಾತ್ರಗಳು ಒದಗಲಿ ಎಂಬ ಹಾರೈಕೆಯೂ ಅದರಲ್ಲಿತ್ತು. ಆ ಕೋಜಿ ಯಾಕುಶೊ 2023ರಲ್ಲಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದರು.

1996ರಲ್ಲಿ ಪತ್ನಿ ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಒಟ್ಟಿಗೆ ಕಟ್ಟಿದ ಶಾಲೆಯನ್ನು ನಕದಾಯ್ ಒಬ್ಬರೇ ನಡೆಸಿಕೊಂಡು ಬಂದರು.

ಮುಖ ಮರೆಯಾದಾಗ

ಮನೆಮನೆಗಳ ಮಂದಿಗೆ ಅವರು ಪರಿಚಿತರಾದುದು ಬೇರೆ ಪಾತ್ರಗಳಿಂದ. 1987ರ ‘ಹಚಿಕೋ ಕಥೆ’ಯಲ್ಲಿ, ಸತ್ತ ಯಜಮಾನನಿಗಾಗಿ ಶಿಬುಯ ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಕಾದ ನಾಯಿಯ ಒಡೆಯ ಪ್ರೊಫೆಸರ್ ಉಎನೊ ಅವರೇ. ಆ ವರ್ಷ ಜಪಾನೀ ಚಿತ್ರಗಳಲ್ಲಿ ಅತಿ ಹೆಚ್ಚು ಹಣ ಗಳಿಸಿದ್ದು ಅದೇ. 1995ರ ‘ಭೂಮಿಯ ಮಗ’ ಎಂಬ ದೂರದರ್ಶನ ಧಾರಾವಾಹಿಯಲ್ಲಿ, ಯುದ್ಧದ ಕೊನೆಯಲ್ಲಿ ಮಂಚೂರಿಯದಲ್ಲಿ ಕಳೆದುಹೋದ ಮಗನನ್ನು ಹತ್ತಾರು ವರ್ಷಗಳ ಬಳಿಕ ಕಾಣುವ ತಂದೆಯಾದರು. ಹಿಮದಲ್ಲಿ ಹೂತುಹೋದ ಕಾಜಿ ಮನೆ ಸೇರಿದ್ದರೆ ಇಂಥ ತಂದೆಯೇ ಆಗುತ್ತಿದ್ದನೋ ಏನೋ.

ಅನಿಮೇಷನ್ ಚಿತ್ರಗಳಲ್ಲಿ ಅವರ ಕಂಠಕ್ಕೆ ಮಾತ್ರ ಕೆಲಸ. 1973ರಲ್ಲಿ, ಪ್ರೌಢರಿಗಾಗಿ ತಯಾರಾದ ‘ಬೆಲ್ಲಡೊನ’ದಲ್ಲಿ ಸೈತಾನನ ದನಿ ಅವರದು. ನಲವತ್ತು ವರ್ಷಗಳ ಬಳಿಕ, 2013ರಲ್ಲಿ, ಇಸಾವೊ ತಕಹಾತ ಅವರ ‘ರಾಜಕುಮಾರಿ ಕಗುಯ’ದಲ್ಲಿ ಇದ್ದಿಲು ಸುಡುವ ಮುದುಕನ ದನಿ. ಈ ಚಿತ್ರಕ್ಕೆ ಮೊದಲು ನಟರ ಮಾತನ್ನು ಧ್ವನಿಮುದ್ರಿಸಿಕೊಂಡು, ಆಮೇಲೆ ಆ ದನಿಗೆ ಹೊಂದುವಂತೆ ಚಿತ್ರ ಬರೆದರು. ಎಂದರೆ ಇಲ್ಲಿ ಮುಖಕ್ಕೆ ದನಿ ಕೂಡಿದುದಲ್ಲ, ದನಿಗೆ ಮುಖ ಹುಟ್ಟಿದುದು. ಚಳಿಗಾಲದಲ್ಲಿ ಬೋಳಾದ ಮರಗಳನ್ನು ಕಂಡು ಎಲ್ಲ ಸತ್ತುಹೋಗಿವೆಯೆಂದು ಮರುಗುವ ರಾಜಕುಮಾರಿಗೆ ಆ ಮುದುಕ, ಇವು ಸತ್ತಿಲ್ಲ, ವಸಂತಕ್ಕಾಗಿ ತಾಳಿಕೊಂಡು ನಿಂತಿವೆ ಎಂದು ತಿಳಿಹೇಳುತ್ತಾನೆ. ಪಾತ್ರ ಬಲು ಸಣ್ಣದು. ಎಂಬತ್ತರ ಗಡಿಯ ಆ ಕಂಠ ಮಾತ್ರ ಕೇಳಿದವರ ಕಿವಿಯಲ್ಲಿ ಉಳಿಯುತ್ತದೆ.

ನೋತೋ ನಾಡಿನ ಬಾ��ಿಲು

ಜಪಾನ್ ಸಮುದ್ರಕ್ಕೆ ಚಾಚಿಕೊಂಡ ನೋತೋ ಎಂಬ ಪರ್ಯಾಯದ್ವೀಪದಲ್ಲಿ ನಕಜಿಮ ಎಂಬ ಪುಟ್ಟ ಊರಿದೆ. 1980ರ ದಶಕದಿಂದ ನಕದಾಯ್ ತಮ್ಮ ಶಿಷ್ಯರನ್ನು ತಾಲೀಮಿಗಾಗಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಊರಿನವರಿಗೂ ನಟರಿಗೂ ಬೆಳೆದ ನಂಟಿನ ಫಲವಾಗಿ 1995ರಲ್ಲಿ ಅಲ್ಲೊಂದು ನಾಟಕಶಾಲೆ ತಲೆಯೆತ್ತಿತು. ಅದರ ವೈಶಿಷ್ಟ್ಯವೆಂದರೆ ರಂಗದ ಹಿಂಗೋಡೆ ದೊಡ್ಡ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಆಚೆಗೆ ನಿಜವಾದ ಹುಲ್ಲು, ಮರ, ಗುಡ್ಡ. 2009ರಲ್ಲಿ ‘ಮ್ಯಾಕ್‌ಬೆತ್’ ಆಡಿದಾಗ ಆ ಬಾಗಿಲಿನಾಚೆ ನಿಜವಾದ ಕುದುರೆಗಳು ಓಡಿದುವು.

ವಯಸ್ಸು ಏರಿತು; ನೆನಪು ಮೊದಲಿನಂತಿರಲಿಲ್ಲ. ನಕದಾಯ್ ತಮ್ಮ ಮಾತುಗಳನ್ನು ಕುಂಚದಿಂದ ದೊಡ್ಡ ಹಾಳೆಗಳಲ್ಲಿ ಬರೆದು ಮನೆಯ ಗೋಡೆಗಳಿಗೆಲ್ಲ ಅಂಟಿಸಿ, ಓಡಾಡುತ್ತ ಬಾಯಿಪಾಠ ಮಾಡುತ್ತಿದ್ದರು. 2015ರಲ್ಲಿ ಸರಕಾರ ಅವರಿಗೆ ಸಂಸ್ಕೃತಿ ಪದಕವನ್ನಿತ್ತು ಗೌರವಿಸಿತು. ಅದೊಂದು ವಿಶ್ರಾಂತಿಗೆ ನೆಪವಾಗಲಿಲ್ಲ.

2024ರ ಹೊಸವರ್ಷದ ದಿನವೇ ನೋತೋ ನಾಡು ಭೀಕರ ಭೂಕಂಪಕ್ಕೆ ಸಿಕ್ಕಿತು. ಮನೆಗಳು ಉರುಳಿದುವು, ಜೀವಹಾನಿಯಾಯಿತು, ನಾಟಕಶಾಲೆಗೂ ಪೆಟ್ಟಾಯಿತು. ಮರುವರ್ಷ, ದುರಸ್ತಿಯಾದ ಆ ಶಾಲೆಗೆ ನಕದಾಯ್ ಹಿಂದಿರುಗಿದರು. ಆಗ ಅವರಿಗೆ ತೊಂಬತ್ತೆರಡು ವರ್ಷ. ಆಡಿದ ನಾಟಕ ಬ್ರೆಕ್ಟನ ‘ಕೆಚ್ಚೆದೆಯ ತಾಯಿ ಮತ್ತು ಮಕ್ಕಳು’. ಅವರದು ಹಿಂದೆಯೂ ಆಡಿದ್ದ ತಾಯಿಯ ಪಾತ್ರ. ಸೈನ್ಯಗಳ ಬೆನ್ನಹಿಂದೆ ಗಾಡಿ ಎಳೆದುಕೊಂಡು ಸರಕು ಮಾರಿ ಬದುಕುವ ಆ ಹೆಂಗಸು, ತನಗೆ ಅನ್ನ ಕೊಡುವ ಯುದ್ಧಕ್ಕೇ ತನ್ನ ಮೂವರು ಮಕ್ಕಳನ್ನೂ ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾಳೆ. ನಾಟಕದ ಕೊನೆಯಲ್ಲಿ ಅವಳೊಬ್ಬಳೇ ಗಾಡಿಗೆ ಹೆಗಲು ಕೊಟ್ಟು ಮುಂದೆ ನಡೆಯುತ್ತಾಳೆ.

ಗುರು ಸೆಂದಾ ಜಪಾನಿಗೆ ತಂದ ನಾಟಕಕಾರನ ಕೃತಿ. ಹನ್ನೆರಡನೆಯ ವಯಸ್ಸಿನಲ್ಲಿ ಕೈಗೆ ಸಿಕ್ಕಿ ಕೈಬಿಟ್ಟುಹೋದ ಹುಡುಗಿಯ ಕಾಲದ ಯುದ್ಧದ ನೆನಪು. ಮನೆ ಕಳೆದುಕೊಂಡು ಮುಂದೆ ಕುಳಿತ ಊರಿನ ಜನ. ಬೇರೆ ಯಾವ ಪಾತ್ರವನ್ನು ತಾನೆ ಅವರು ಆರಿಸಿಕೊಳ್ಳುವುದು ಸಾಧ್ಯವಿತ್ತು?

ಕೆಲವು ತಿಂಗಳುಗಳಲ್ಲಿ ಅವರು ತೀರಿಕೊಂಡರು. ‘ಏಳು ಸಮುರಾಯಿಗಳು’ ಚಿತ್ರವನ್ನು ಮುಂದೆ ನೋಡುವ ಅವಕಾಶ ಸಿಕ್ಕಿದರೆ, ರೈತರು ಬೀದಿಯಲ್ಲಿ ಸಮುರಾಯಿಗಳನ್ನು ಅರಸುತ್ತ ಕುಳಿತಿರುವ ದೃಶ್ಯದಲ್ಲಿ ಓದುಗರು ಸ್ವಲ್ಪ ಎಚ್ಚರದಿಂದಿರಬೇಕು. ದೊಡ್ಡ ಕಣ್ಣುಗಳ ಒಬ್ಬ ಹುಡುಗ ಅತ್ತಿತ್ತ ನೋಡದೆ ಹಾದುಹೋಗುತ್ತಾನೆ. ನೋಡುತ್ತಿದ್ದಂತೆಯೇ ಮರೆಯಾಗುತ್ತಾನೆ. ಆ ನಾಲ್ಕು ಹೆಜ್ಜೆಗಳನ್ನು ಕಲಿಯಲು ಅವನಿಗೆ ಒಂದು ಹಗಲು ಬೇಕಾಯಿತು. ಆಮೇಲೆ ಎಪ್ಪತ್ತು ವರ್ಷ ಅವನು ನಡೆಯುವುದನ್ನು ನಿಲ್ಲಿಸಲಿಲ್ಲ.